ರಜಾಕ ಮಾಸ್ತರರ ಬಲಗಾಲಿನ ರಿಜಲ್ಟು

ಅಬ್ದುಲರಜಾಕ ಮಾಸ್ತರರು ನನ್ನ ಗೇಟಿನ ಮುಂದೆ ನಿಂತು ನನ್ನ ಕ್ಷೇಮಸಮಾಚಾರ ಕೇಳಿದ ದಿನ ನಾನು ಬಾಯಲ್ಲಿದ್ದ ಹಲ್ಲುಪುಡಿಯನ್ನು ನುಂಗಿಬಿಟ್ಟೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಸಿಂದಗಿಯ ಒಂದೇ ಓಣಿಯಲ್ಲಿ ನಾವಿಬ್ಬರೂ ಇಪ್ಪತ್ತೆರಡು ವರ್ಷದಿಂದ ಇದ್ದೇವೆ. ಅಷ್ಟು ವರ್ಷದಲ್ಲಿ ಆ ಮನುಷ್ಯ ಒಬ್ಬರನ್ನಾದರೂ ಆರಾಮ ಇದ್ದೀರಾ ಎಂದು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಇಂಡಿ, ಮುದ್ದೇಬಿಹಾಳ, ಸಿಂದಗಿ ಹೀಗೆ ಮೂರು ತಾಲೂಕಿನ ಹೈಸ್ಕೂಲುಗಳಲ್ಲಿ ಪಿ.ಟಿ. ಮಾಸ್ತರಾಗಿ ಮಕ್ಕಳನ್ನು ಓಡಿಸಿ ನಿವೃತ್ತರಾದವರು ಅವರು. ನಿವೃತ್ತಿಯ ದಿನ ಶಾಲೆಗೆ ಚಾರ್ಜು ಒಪ್ಪಿಸಿದರೇ ಹೊರತು ಕೊರಳಿನ ಸೀಟಿ ಒಪ್ಪಿಸಲಿಲ್ಲ. ಮುಂಜಾನೆ ಆರಕ್ಕೆ ಮನೆ ಬಿಟ್ಟರೆ ಹೈಸ್ಕೂಲು ಮೈದಾನ ಮುಟ್ಟುವ ತನಕ ಎಡಕ್ಕೂ ನೋಡುತ್ತಿರಲಿಲ್ಲ, ಬಲಕ್ಕೂ ನೋಡುತ್ತಿರಲಿಲ್ಲ. ದಾರಿಯಲ್ಲಿ ಮಲಗಿದ ಎಮ್ಮೆಗಳೇ ಎದ್ದು ಜಾಗ ಕೊಡುತ್ತಿದ್ದವು.

ಅಂಥವರು ನನ್ನ ಗೇಟಿನ ಸರಳು ಹಿಡಿದು ನಿಂತಿದ್ದರು.

"ಏನ್ರಿ ಬಸಂತರಾಯರ, ಆರಾಮ ಅದೀರಿ?"

"ಆರಾಮ್ರಿ," ಎಂದೆ, ಹಲ್ಲುಪುಡಿ ಗಂಟಲಲ್ಲಿ ಇಳಿಯುತ್ತಿತ್ತು.

"ಮನ್ಯಾಗ ಎಲ್ಲಾರೂ?"

"ಎಲ್ಲಾರೂ ಆರಾಮ್ರಿ."

"ನಿಮ್ಮ ಎಮ್ಮಿ?"

ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ. ಎಂದೂ ಇರಲಿಲ್ಲ. ಆದರೆ ಮಾಸ್ತರರ ಪ್ರಶ್ನೆಗೆ ಇಲ್ಲ ಎಂದು ಉತ್ತರ ಕೊಟ್ಟು ಯಾರೂ ಸುಖಪಟ್ಟಿರಲಿಲ್ಲವಾದ್ದರಿಂದ ಅದೂ ಆರಾಮ ಇದೆ ಎಂದೆ. ಅವರು ತಲೆಯಾಡಿಸಿದರು, ನಮ್ಮ ಬೇವಿನ ಗಿಡವನ್ನು ಎರಡು ನಿಮಿಷ ಗಂಭೀರವಾಗಿ ನೋಡಿದರು, ಆಮೇಲೆ ಯಾರೋ ಸೀಟಿ ಊದಿದ ಹಾಗೆ ಥಟ್ಟನೆ ಹೊರಟುಹೋದರು.

ನಾನು ಸುಮ್ಮನೆ ಬಿಡುವ ಮನುಷ್ಯನಲ್ಲ. ಕೈಯಲ್ಲಿ ಒಂದು ಖಾಲಿ ಕೊಡಪಾನ ಹಿಡಿದುಕೊಂಡು ಹಿಂದೆಯೇ ಹೋದೆ. ನನ್ನ ಗೇಟಿನಿಂದ ನೂರು ಹೆಜ್ಜೆ ಆಚೆ ಲಕ್ಕವ್ವನ ಮನೆಯ ಕಟ್ಟೆ. ಲಕ್ಕವ್ವನಿಗೆ ಎಪ್ಪತ್ತೆಂಟು ವರ್ಷ, ಒಂಟಿ ಹೆಂಗಸು, ಓಣಿಯ ಎಲ್ಲ ಸುದ್ದಿಯೂ ಆ ಕಟ್ಟೆಯ ಮೇಲಿಂದಲೇ ಹೊರಡುವುದು. ಮಾಸ್ತರರು ಅಲ್ಲಿ ಕೂತು ಅವಳ ಮೊಣಕಾಲಿನ ಬಗ್ಗೆ ವಿಚಾರಿಸಿದರು. ಅಲ್ಲಿಂದ ನೂರು ಹೆಜ್ಜೆಗೆ ಸಿಕಂದರನ ಹಿಟ್ಟಿನ ಗಿರಣಿ. ಅಲ್ಲಿ ನಿಂತು ಹಿಟ್ಟು ಸಣ್ಣಗೆ ಬರುತ್ತಿದೆಯೋ ತರಿಯಾಗಿ ಬರುತ್ತಿದೆಯೋ ಎಂದು ಕೇಳಿದರು. ಮರುದಿನ ಮತ್ತೆ ಅವೇ ಮೂರು ಜಾಗ. ಅದರ ಮರುದಿನವೂ ಅವೇ.

ನಾನು ತಹಶೀಲ್ದಾರ ಕಚೇರಿಯ ಚುನಾವಣೆ ಶಾಖೆಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಮತದಾರರ ಪಟ್ಟಿಯಲ್ಲಿ ಸತ್ತವರನ್ನು ತೆಗೆದು ಹುಟ್ಟಿದವರನ್ನು ಸೇರಿಸಿ ಕೈ ಸವೆದಿದೆ. ಪುರಸಭೆ ಚುನಾವಣೆಗೆ ಎರಡು ತಿಂಗಳು ಉಳಿದಿತ್ತು. ಕೆಲಸವಿಲ್ಲದೆ ಮನೆಬಾಗಿಲಿಗೆ ಬಂದು ಆರಾಮ ಕೇಳುವವನು, ಮುದುಕಿಯರ ಕಟ್ಟೆಯ ಮೇಲೆ ಕೂಡುವವನು, ಇಲ್ಲದ ಎಮ್ಮೆಯ ಕ್ಷೇಮ ವಿಚಾರಿಸುವವನು ಈ ಭೂಮಿಯ ಮೇಲೆ ಒಬ್ಬನೇ, ಅವನಿಗೆ ಉಮೇದುವಾರ ಎನ್ನುತ್ತಾರೆ. ಶಾಸ್ತ್ರೋಕ್ತವಾಗಿ ಈ ತೀರ್ಮಾನಕ್ಕೆ ಬಂದ ಮೇಲೆ ನಾನದನ್ನು ಯಾರಿಗೂ ಹೇಳಲಿಲ್ಲ. ಲಕ್ಕವ್ವನಿಗೆ ಮಾತ್ರ ಹೇಳಿದೆ.

ಸಂಜೆಯ ಹೊತ್ತಿಗೆ ದೇವರ ಹಿಪ್ಪರಗಿಯಿಂದ ನನ್ನ ಭಾವನ ಫೋನು ಬಂತು. "ನಿಮ್ಮ ಓಣಿಯಿಂದ ಯಾರೋ ಪಿ.ಟಿ. ಮಾಸ್ತರ ಇಲೆಕ್ಷನ್ನಿಗೆ ಇಳದಾರಂತಲ್ಲೋ?"

ಮರುದಿನ ಮುಂಜಾನೆ ಓಣಿಯ ಬಣ್ಣವೇ ಬೇರೆಯಾಗಿತ್ತು. ನಮ್ಮ ಕಡೆ ಬಾಗಿಲಿಗೆ ಬಂದು ನಿಂತವರಿಗೆ ಚಾ ಕೊಡದೆ ಕಳಿಸುವ ರೂಢಿ ಇಲ್ಲ. ಬಂದವನು ಉಮೇದುವಾರನಾದರೆ ಚಾದ ಜೊತೆಗೆ ಒಂದು ತಕರಾರನ್ನೂ ಕೊಡುವುದು ರೂಢಿ. ಮೂರು ಜಾಗದಲ್ಲಿ ಮಾಸ್ತರರಿಗೆ ಮೂರು ಕಪ್ಪು ಚಾ ಆಯಿತು, ಹನ್ನೊಂದು ಅರ್ಜಿ ಬಂತು. ಗಟಾರ ತುಂಬಿದ್ದು, ನಳಕ್ಕೆ ನೀರು ಬರದಿದ್ದು, ಹಂದಿ ಕಾಟ, ಮಗಳ ಗಂಡ ಕುಡಿಯುವುದು, ಎಲ್ಲವೂ ಇತ್ತು. ಮಾಸ್ತರರು ಅಷ್ಟನ್ನೂ ಕಣ್ಣು ಕಿರಿದು ಮಾಡಿ, ಹಲ್ಲು ಕಚ್ಚಿಕೊಂಡು ಕೇಳಿದರು. ಅವರು ಜನರ ಕಷ್ಟಕ್ಕೆ ಅಷ್ಟು ಸಂಕಟಪಟ್ಟಿದ್ದನ್ನು ಕಂಡು ಸಿಕಂದರನ ಕಣ್ಣಲ್ಲಿ ನೀರು ಬಂತು.

"ಖರೇನ ಫಾರ್ಮ್ ತುಂಬವರೇನ್ರಿ ಮಾಸ್ತರ?" ಎಂದು ನಾನೇ ಕೇಳಿದೆ.

ಅವರು ನನ್ನ ಮುಖ ನೋಡಿದರು, ತಮ್ಮ ಬೂಟು ನೋಡಿದರು. "ಹಂಗ್ಯಾರು ಅಂದ್ರು?"

"ಮತ್ತ ದಿನಾ ಮನಿಮನಿಗಿ ಯಾಕ ಬರಾಕತ್ತೀರಿ?"

"ಮುಂದ ನೋಡೂಣು," ಎಂದುಬಿಟ್ಟರು ಮಾಸ್ತರರು. ಚುನಾವಣೆ ಶಾಖೆಯ ಅನುಭವದಲ್ಲಿ ಇದಕ್ಕಿಂತ ಸ್ಪಷ್ಟವಾದ ಹೌದು ನಾನು ಕೇಳಿಲ್ಲ.

ಕಲ್ಮೇಶ ನಮ್ಮ ವಾರ್ಡಿನ ಹಾಲಿ ಮೆಂಬರ. ಮೂವತ್ತೈದರ ಹುಡುಗ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಐದು ವರ್ಷದಿಂದ ತುಂಬಿ ನಿಂತಿದ್ದ ಗಟಾರವನ್ನು ಎರಡು ದಿನದಲ್ಲಿ ತೆಗೆಸಿದ. ಬೀದಿದೀಪ ಹಾಕಿಸಿದ ಉತ್ಸಾಹ ಎಷ್ಟಿತ್ತೆಂದರೆ ಅದು ಮಧ್ಯಾಹ್ನವೂ ಉರಿಯುತ್ತಿತ್ತು. ಅಷ್ಟಾದರೂ ಜನ ಮಾಸ್ತರರಿಗೇ ಚಾ ಕೊಡುತ್ತಿರುವುದನ್ನು ಕಂಡು ಒಂದು ಮುಂಜಾನೆ ಹೊಸ ಬೂಟು ಹಾಕಿಕೊಂಡು ಅವರ ಮನೆ ಮುಂದೆಯೇ ನಿಂತ.

"ಸರ, ನಿಮ್ಮ ಜೋಡಿ ನಾನೂ ವಾಕಿಂಗ್ ಬರ್ತೇನ್ರಿ. ಜನರ ಕಷ್ಟಾ ಕೂಡೇ ಕೇಳೂಣು."

"ಬಾ," ಎಂದರು ಮಾಸ್ತರರು. "ಆದ್ರ ನನ್ನ ಸ್ಪೀಡಿಗಿ ಬರಬೇಕು. ನಡುವ ನಿಂದ್ರೂದಿಲ್ಲ."

ಆ ದಿನ ಅವರು ನನ್ನ ಗೇಟಿನ ಮುಂದೆ ನಿಲ್ಲಲಿಲ್ಲ. ಸೊಂಟ ಸೆಟೆಸಿ, ಕೈ ಬೀಸಿ, ಪರೇಡಿನ ನಡಿಗೆಯಲ್ಲಿ ದಾಟಿಹೋದರು. ನಾನು ಹಿಡಿದುಕೊಂಡಿದ್ದ ಚಾ ನಾನೇ ಕುಡಿದು ಹಿಂದೆಯೇ ಹೊರಟೆ. ಲಕ್ಕವ್ವ ಕಪ್ಪು ಹಿಡಿದುಕೊಂಡು "ಮಾಸ್ತರ್ರ! ಚಾ!" ಎಂದು ಕೂಗಿದಳು. ಅವಳನ್ನೂ ದಾಟಿದರು. ಗಿರಣಿ ಹತ್ತಿರ ಬರುವ ಹೊತ್ತಿಗೆ ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಿಟ್ಟಿಗೆಂದು ತಂದಿಟ್ಟಿದ್ದ ಯಾರದೋ ಜೋಳದ ಚೀಲದ ಮೇಲೆ ಧೊಪ್ಪನೆ ಕೂತರು.

"ಯಾಕ್ರಿ ಸರ?" ಎಂದ ಕಲ್ಮೇಶ.

ಮಾಸ್ತರರು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಜೋಳ ತೆಗೆದರು. "ಈ ಜ್ವಾಳ... ಯಾರ ಹೊಲದ್ದು? ಭಾಳ ಚಲೋ ಐತಿ." ಎಂದು ಒಂದೊಂದೇ ಕಾಳನ್ನು ಬೆಳಕಿಗೆ ಹಿಡಿದು ಏಳು ನಿಮಿಷ ಪರೀಕ್ಷಿಸಿದರು. ಗಿರಣಿಯ ಮುಂದೆ ಜನ ಸೇರಿದರು. ಉಸಿರು ಬಿಗಿಹಿಡಿದು ನೋಡಿದರು. ಸಂಜೆಗೆ ಊರೆಲ್ಲ ಸುದ್ದಿ, ಮಾಸ್ತರರು ಗೆದ್ದರೆ ಜೋಳದ ಬೆಲೆ ಏರುತ್ತದೆ ಎಂದು. ಕಲ್ಮೇಶ ನನ್ನನ್ನು ಮೂಲೆಗೆ ಕರೆದು, "ಕಾಕಾ, ಈ ಮನಶ್ಯಾ ನಾ ತಿಳದಂಗಿಲ್ರಿ. ಭಾಳ ಆಳ ಅದಾನ," ಎಂದ. ಇಷ್ಟೆಲ್ಲ ನನ್ನ ಒಂದು ಮಾತಿನಿಂದ ಆಯಿತಲ್ಲ ಎಂದು ನನಗೆ ನಿಜವಾಗಿ ಹೆಮ್ಮೆಯಾಯಿತು.

ಆ ಹೆಮ್ಮೆ ಮರುದಿನ ಮಧ್ಯಾಹ್ನದ ಊಟದ ತನಕ ಬಾಳಿತು. ಊಟಕ್ಕೆ ಕೂತಿದ್ದೆ, ಮಾಸ್ತರರ ಹೆಂಡತಿ ಅಬಿದಾ ಬಂದರು. ಹೆಚ್ಚು ಮಾತಾಡದ ಹೆಂಗಸು. ಬಂದವರೇ ನನ್ನ ತಾಟಿನ ಪಕ್ಕದಲ್ಲಿ ಒಂದು ಬಿಳಿ ಕಾಲುಚೀಲ ಇಟ್ಟರು. ಬೆರಳಿನ ಜಾಗದಲ್ಲಿ ಒಣಗಿದ ರಕ್ತ, ಕೀವಿನ ಹಳದಿ ಕಲೆ.

"ಇದು ನಿಮ್ಮ ಉಮೇದುವಾರರದು ಬಸಂತಣ್ಣಾರ," ಎಂದರು. "ಆರು ವಾರಾತು, ಬಲಗಾಲ ಹೆಬ್ಬೆರಳಿನ ಗಾಯ ಮಾಯವಲ್ದು. ಬೂಟು ಕಚ್ಚಿದ್ದು. ನೂರು ಹೆಜ್ಜಿ ನಡದ್ರ ಮೀನಖಂಡ ಹಿಡಕೊಂತೈತಿ, ನಿಂದ್ರಲೇಬೇಕು. ನಿಂತದ್ದು ಮಂದಿಗಿ ಗೊತ್ತಾಗಬಾರದಲ್ಲ, ಅದಕ್ಕ ನಿಮ್ಮನ್ನ ಆರಾಮ ಕೇಳತಾರ. ನಿಮ್ಮ ಮ್ಯಾಲಿನ ಪ್ರೀತಿಗಲ್ಲ."

ತುತ್ತು ನನ್ನ ಕೈಯಲ್ಲೇ ಉಳಿಯಿತು.

"ದವಾಖಾನಿಗಿ ತೋರಿಸ್ರಿ ಅಂದ್ರ, ಕೊರೊನಾದಾಗ ತಂದಿದ್ದ ಬೆರಳಿಗಿ ಹಾಕೂ ಮಷಿನ್ ಹಾಕ್ಕೊಂಡು ತೋರಸ್ತಾರ. ತೊಂಬತ್ತೆಂಟು ಐತಿ ನೋಡು, ಇಡೀ ಸಿಂದಗ್ಯಾಗ ನನ್ನಷ್ಟು ಆಕ್ಸಿಜನ್ ಯಾರಿಗಿಲ್ಲ ಅಂತಾರ. ಅದನ್ನ ತಗದು ಹಿತ್ತಲಕ ಹೋಗಿ ಬೀಡಿ ಹಚ್ಚತಾರ." ಅಬಿದಾ ಹೊರಡಲು ತಿರುಗಿದರು. "ಕಾಲು ಹೋದ್ರೂ ಚಿಂತಿಲ್ಲ, ಹೆಸರು ಹೋಗಬಾರದು ಅವರಿಗಿ. ನನಗ ಹೆಸರು ಬ್ಯಾಡ್ರಿ, ಕಾಲು ಬೇಕು. ಸುದ್ದಿ ಹಬ್ಬಿಸಿದವರು ನೀವು. ದವಾಖಾನಿಗಿ ಕರಕೊಂಡು ಹೋಗವರೂ ನೀವs."

ನಾಚಿಕೆಯಲ್ಲಿ ನನಗೆ ಊಟ ಸೇರಲಿಲ್ಲ. ಮೂವತ್ತು ವರ್ಷ ಸುಳ್ಳು ಹೆಸರು ಹುಡುಕಿ ತೆಗೆದವನಿಗೆ ಎದುರಿಗೆ ನಿಂತವನ ನೋವು ಕಾಣಲಿಲ್ಲ. ಆದರೆ ನಾಚಿಕೆಯಿಂದ ಕಾಲು ವಾಸಿಯಾಗುವುದಿಲ್ಲ. ಮಾಸ್ತರರನ್ನು ಕರೆದೊಯ್ಯುವುದು ಹೇಗೆ ಎಂದು ಯೋಚಿಸಿದೆ. ಅಬಿದಾ ಅವರೇ ಒಂದು ಹೆಸರು ಕೊಟ್ಟಿದ್ದರು. ಬಸವನ ಬಾಗೇವಾಡಿಯಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ ಜಯಮಾಲಾ. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಮಾಸ್ತರರ ಕೈಯಲ್ಲಿ ಓಡಿದವಳು. ಕಾಲಿನ ಚರ್ಮದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಳೆಯುವ ಯಂತ್ರ ಆಕೆಯ ಹತ್ತಿರ ಹೊಸದಾಗಿ ಬಂದಿತ್ತು. ನಾನು ಫೋನು ಮಾಡಿದೆ. ಆಕೆ ಎಲ್ಲ ಕೇಳಿ, "ಪೇಶಂಟ್ ಅಂತ ಕರದ್ರ ಸರ್ ಬರಂಗಿಲ್ರಿ. ಮುಖ್ಯ ಅತಿಥಿ ಅಂತ ಕರೀರಿ," ಎಂದಳು.

ಯಂತ್ರದ ಉದ್ಘಾಟನೆ ಎಂದ ಕೂಡಲೇ ಮಾಸ್ತರರು ಕೋಟು ಹೊರತೆಗೆದರು. ನಾಲ್ಕು ಪುಟದ ಭಾಷಣ ಬರೆದರು. ಲಕ್ಕವ್ವ ತಾನೂ ಬರುತ್ತೇನೆಂದು ತೆಂಗಿನಕಾಯಿ ಹಿಡಿದುಕೊಂಡು ಬಸ್ಸು ಹತ್ತಿದಳು, ತನ್ನ ಉಮೇದುವಾರನನ್ನು ಒಂಟಿಯಾಗಿ ಬಿಡಲು ಅವಳು ತಯಾರಿರಲಿಲ್ಲ. ನಾನು ಬಸ್ಸು ದೇವರ ಹಿಪ್ಪರಗಿ ದಾಟುವ ತನಕ ಕಿಟಕಿಯ ಆಚೆ ನೋಡುತ್ತ ಕೂತೆ. ಸುಳ್ಳು ಹೇಳುವುದು ಸುಲಭ, ಅದರ ಪಕ್ಕದಲ್ಲಿ ಕೂತು ಪ್ರಯಾಣ ಮಾಡುವುದು ಕಷ್ಟ.

ಜಯಮಾಲಾ ಯಂತ್ರಕ್ಕೆ ಕೆಂಪು ರಿಬ್ಬನ್ನು ಕಟ್ಟಿಸಿದ್ದಳು. ಮಾಸ್ತರರು ಕತ್ತರಿಸಿದರು. ಲಕ್ಕವ್ವ ಕಾಯಿ ಒಡೆದಳು. ಮಾಸ್ತರರು ಗಂಟಲು ಸರಿಮಾಡಿಕೊಂಡು ಭಾಷಣದ ಹಾಳೆ ಬಿಚ್ಚಿದರು.

"ಭಾಷಣಾ ಆಮ್ಯಾಲ್ರಿ ಸರ್," ಎಂದಳು ಜಯಮಾಲಾ. "ಉದ್ಘಾಟನಾ ಮಾಡಿದವರ ಕಾಲs ಮೊದಲು ಅಳೀಬೇಕು. ನಮ್ಮ ದವಾಖಾನಿ ಪದ್ಧತಿ."

"ನನ್ನ ಕಾಲು ಅಳ್ಯಾಕ ಯಂತ್ರ ಬೇಕೇನ?" ಎಂದು ಮಾಸ್ತರರು ಜೇಬಿನಿಂದ ಬೆರಳಿನ ಮಷಿನ್ನು ತೆಗೆದು ಸಿಕ್ಕಿಸಿಕೊಂಡರು. "ನೋಡು. ತೊಂಬತ್ತೆಂಟು!"

"ಅದು ಬೆರಳಿನ ಮಾತು ಸರ್. ಮಲಗ್ರಿ."

ಕಾದು ಕೂತಿದ್ದ ಅಷ್ಟು ಪೇಶಂಟುಗಳ ಮುಂದೆ ಪದ್ಧತಿ ಮುರಿಯಲಾಗದೆ ಮಲಗಿದರು. ಬೂಟು ಬಿಚ್ಚಿಸುವಾಗ ಮಾತ್ರ ಬಲಗಾಲಿನ ಕಾಲುಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಜಯಮಾಲಾ ಏನೂ ಹೇಳದೆ ಮೆಲ್ಲಗೆ ಅವರ ಕೈ ಬಿಡಿಸಿದಳು. ಗಾಯ ನೋಡಿದಳು. ಅಂಗಿ ಗುಂಡಿಯಷ್ಟು ದೊಡ್ಡ ಬಿಲ್ಲೆಗಳನ್ನು ಒಂದು ಎದೆಗೆ, ಒಂದು ಎಡಪಾದಕ್ಕೆ, ಒಂದು ಬಲಪಾದಕ್ಕೆ ಅಂಟಿಸಿದಳು.

"ಸೂಜಿ ಇಲ್ಲ, ರಕ್ತಾ ತಗಿಯಂಗಿಲ್ಲ. ಬಿಲ್ಲಿ ಚರ್ಮಾನ ಬೆಚ್ಚಗ ಮಾಡ್ತೈತಿ, ಒಳಗಿಂದ ಚರ್ಮಕ್ಕ ಎಷ್ಟು ಆಕ್ಸಿಜನ್ ಬರ್ತೈತಿ ಅಂತ ಹೇಳ್ತೈತಿ. ಇಪ್ಪತ್ತು ನಿಮಿಷ ಮಾತಾಡಬ್ಯಾಡ್ರಿ, ಅಳ್ಳಾಡಬ್ಯಾಡ್ರಿ."

"ಇಪ್ಪತ್ತು ನಿ..."

"ಮಾತು, ಸರ್!"

ನಲವತ್ತು ವರ್ಷ ಮೂರು ತಾಲೂಕಿನ ಬಾಯಿ ಮುಚ್ಚಿಸಿದ ಮನುಷ್ಯ ನಾಲ್ಕು ಪುಟದ ಭಾಷಣವನ್ನು ಎದೆಯ ಮೇಲಿಟ್ಟುಕೊಂಡು ಇಪ್ಪತ್ತು ನಿಮಿಷ ತೊಲೆಯ ಹಾಗೆ ಬಿದ್ದಿದ್ದರು. ಸೀಟಿ ಮಾತ್ರ ಉಸಿರಿಗೆ ಏರಿ ಇಳಿಯುತ್ತಿತ್ತು. ಲಕ್ಕವ್ವ ಕಾಯಿಚೂರು ಹಂಚುತ್ತ ಕೂತಳು. ಕೊನೆಗೆ ಪರದೆಯ ಮೇಲೆ ಅಂಕಿಗಳು ನಿಂತವು. ಜಯಮಾಲಾ ಓದಿದಳು.

"ಎದಿ, ಅರವತ್ತೆರಡು."

"ಫಸ್ಟ್ ಕ್ಲಾಸ್," ಎಂದರು ಮಾಸ್ತರರು.

"ಎಡಗಾಲು, ಐವತ್ತೈದು."

"ಸೆಕೆಂಡ್ ಕ್ಲಾಸ್. ನಡೀತೈತಿ."

"ಬಲಗಾಲು, ಮೂವತ್ತನಾಲ್ಕು."

ಮಾಸ್ತರರು ದಿಗ್ಗನೆ ಎದ್ದು ಕೂತರು. "ಮೂವತ್ತೈದಕ್ಕ ಪಾಸ್ ಅಲ್ಲೇನು? ಒಂದು ಮಾರ್ಕಿಗಿ ಯಾರರೆ ಫೇಲ್ ಮಾಡತಾರೇನು? ಗ್ರೇಸ್ ಹಾಕು!"

"ಇದು ನೂರಕ್ಕ ಮೂವತ್ತನಾಲ್ಕಲ್ರಿ ಸರ್. ಗ್ರೇಸ್ ಹಾಕಾಕ ಬರಂಗಿಲ್ಲ." ಜಯಮಾಲಾ ಅವರನ್ನು ಮತ್ತೆ ಮಲಗಿಸಿ ಬಲಗಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಸ್ವಲ್ಪ ಹೊತ್ತು ಕಾದಳು. ಅಂಕಿ ಇಳಿಯಿತು, ಇಪ್ಪತ್ತೇಳಕ್ಕೆ ನಿಂತಿತು. "ನೋಡ್ರಿ, ಕಾಲು ಮ್ಯಾಲೆತ್ತಿದ್ರ ಇನ್ನೂ ಇಳೀತೈತಿ. ತೊಡಿಯಿಂದ ಕೆಳಗ ಬರೂ ರಕ್ತನಾಳ ಕಟ್ಟೈತಿ. ನಿಮ್ಮ ಬೆರಳಿನ ಮಷಿನ್ ಖರೇನs ಹೇಳ್ತೈತಿ, ರಕ್ತದಾಗ ಆಕ್ಸಿಜನ್ ತುಂಬೈತಿ. ಆದ್ರ ಅದು ಪಾದಕ್ಕ ಮುಟ್ಟವಲ್ದು."

"ಟಾಕಿ ತುಂಬೈತಿ, ನಮ್ಮನಿ ನಳಕ್ಕ ಬರವಲ್ದು," ಎಂದಳು ಲಕ್ಕವ್ವ. ಓಣಿಯ ಕೊನೆಯ ನಳ ಅವಳದು. ಐದು ವರ್ಷ ಪುರಸಭೆಗೆ ಹೇಳಿ ಹೇಳಿ ಸಾಕಾಗಿ ಅವಳಿಗೆ ವಿಷಯ ಬಾಯಿಪಾಠವಾಗಿತ್ತು.

"ಕರೆಕ್ಟ್ ಆಯಿ," ಎಂದಳು ಜಯಮಾಲಾ. "ಸರ್, ಕಾಲು ಎತ್ತದs ಈ ನಂಬರ ಮೂವತ್ತರ ಕೆಳಗ ಹ್ವಾದ್ರ ಗಾಯ ಮಾಯೂ ಆಸೆ ಕಡಿಮಿ. ಬೆರಳು ಹೋಗ್ತೈತಿ, ಆಮ್ಯಾಲ ಪಾದ. ನಿಮ್ಮದು ಇನ್ನೂ ದಂಡಿ ಮ್ಯಾಲ ಐತಿ. ಬಿಜಾಪುರಕ್ಕ ಹೋಗಿ ರಕ್ತನಾಳ ತೋರಿಸ್ರಿ, ಒಳಗ ಬಲೂನ್ ಹಾಕಿ ದಾರಿ ತಗೀತಾರ. ಬೀಡಿ ಇವತ್ತs ಬಿಡ್ರಿ. ಗಾಯ ಮಾದ ಮ್ಯಾಲ ದಿನಾ ನಡೀರಿ. ನೋವು ಬಂದಲ್ಲಿ ನಿಂದ್ರಿ, ಹೋದ ಮ್ಯಾಲ ಮತ್ತ ನಡೀರಿ."

"ನಿಂದ್ರೂದಾ?" ಮಾಸ್ತರರ ಮುಖ ಕೆಂಪಾಯಿತು. "ಮಂದಿ ಮುಂದ? ನಾನಾ? ನಿನ್ನ ಯಂತ್ರ ತಪ್ಪೈತಿ! ನಾ ಯಾವ ಪರೀಕ್ಷಾದಾಗೂ ಫೇಲ್ ಆದಾಂವಲ್ಲ!"

ಬೂಟು ಕೈಯಲ್ಲಿ ಹಿಡಿದುಕೊಂಡು, ಕಾಲಿಗೆ ಬರೀ ಕಾಲುಚೀಲ, ದವಾಖಾನೆಯಿಂದ ಹೊರಗೆ ನಡೆದೇಬಿಟ್ಟರು. ಬಸ್ ಸ್ಟ್ಯಾಂಡಿನ ದಿಕ್ಕಿಗೆ ಪರೇಡಿನ ನಡಿಗೆ. ನಾವೆಲ್ಲ ಬಾಗಿಲಲ್ಲಿ ನಿಂತು ನೋಡಿದೆವು. ಅರವತ್ತು ಹೆಜ್ಜೆ, ಎಪ್ಪತ್ತು ಹೆಜ್ಜೆ. ತೊಂಬತ್ತಕ್ಕೆ ಒಂದು ಕಬ್ಬಿನ ಹಾಲಿನ ಗಾಡಿ ಹಿಡಿದು ನಿಂತರು. ಗುರುತು ಪರಿಚಯ ಇಲ್ಲದ ಗಾಡಿಯವನನ್ನು ನೋಡಿ, "ಏನಪಾ, ಆರಾಮ ಅದೀ?" ಎಂದರು. ನಮಗೆ ಅಷ್ಟು ದೂರಕ್ಕೂ ಕೇಳಿಸಿತು.

ಲಕ್ಕವ್ವನ ಕೈಯಲ್ಲಿದ್ದ ಕಾಯಿಚೂರು ಹಾಗೇ ಉಳಿಯಿತು. "ಬಸಂತಾ," ಎಂದಳು ನನಗೆ. "ಹಂಗಾರ ನನ್ನ ಕಟ್ಟಿಗಿ ಬಂದು ಕೇಳಿದ್ದೂ ಇದs ಏನು?"

ನಾನು ಅವಳ ಕೈಯಿಂದ ಕಾಯಿಚೂರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ.

ಜಯಮಾಲಾ ನಡೆದು ಹೋಗಿ ಗಾಡಿಯ ಪಕ್ಕ ನಿಂತಳು. ನಾವೂ ಹಿಂದೆ ಹೋದೆವು. "ಸರ್, ಎಂಟನೇ ಕ್ಲಾಸಿನಾಗ ನನಗ ದಮ್ಮಿತ್ತು. ನೆನಪೈತಿ? ಎಲ್ಲಾರೂ ನಾಕು ಸುತ್ತು ಓಡಿದ್ರು. ನಾ ಮೂರನೇ ಸುತ್ತಿಗಿ ನಿಂತಿದ್ನಿ. ಬಿಡ್ರಿ ಸರ್ ಅಂತ ಅತ್ನಿ. ನೀವೇನಂದ್ರಿ?"

ಮಾಸ್ತರರು ಕೈಯಲ್ಲಿದ್ದ ಬೂಟು ತಿರುವಿ ನೋಡಿದರು.

"ನಿಂತು ನಿಂತು ನಡಿ, ಒಂದು ಸುತ್ತು ಬಾಕಿ ಐತಿ ಅಂದ್ರಿ. ಸಾಲಿ ಬಿಡೂ ಗಂಟಿ ಹೊಡದ್ರೂ ಇಡೀ ಕ್ಲಾಸ್ನ ಮನಿಗಿ ಬಿಡಲಿಲ್ಲ ನೀವು. ನಾ ಎಂಟು ಸಲ ನಿಂತ್ನಿ. ಒಬ್ಬರೂ ನಗಲಿಲ್ಲ, ನಿಮ್ಮ ಅಂಜಿಕಿಗಿ. ನಾ ನಿಂತಾಗ ನಾಚಿಕಿ ಆಗಿರಲಿಲ್ಲ ಸರ್. ನಿಮಗ್ಯಾಕ ಆಗಬೇಕು?"

ಗಾಡಿಯವನು ಎರಡು ಗ್ಲಾಸು ಕಬ್ಬಿನ ಹಾಲು ಹಿಡಿದುಕೊಂಡು ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದ. ಮಾಸ್ತರರು ಕೋಟಿನ ಒಳಜೇಬಿಗೆ ಕೈಹಾಕಿ ಬೀಡಿಕಟ್ಟು ತೆಗೆದು ಅವಳ ಕೈಗಿಟ್ಟರು. "ಮೂವತ್ತನಾಲ್ಕು," ಎಂದರು. "ಸಪ್ಲಿಮೆಂಟರಿ ಪರೀಕ್ಷಾ ಯಾವಾಗ ಐತಿ?"

"ಮೂರು ತಿಂಗಳಿಗಿ, ಸರ್."

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹೊತ್ತು ಮುಳುಗಿರಲಿಲ್ಲ. ಅಲ್ಲಿ ಹಾರ ಹಿಡಿದ ಜನ ಕಾಯುತ್ತಿದ್ದರು. ಬಾಗೇವಾಡಿಯಲ್ಲಿ ಮಾಸ್ತರರು ದೊಡ್ಡ ದವಾಖಾನೆ ಉದ್ಘಾಟಿಸಿದರು ಎಂದು ಸಿಕಂದರ ಸಾರಿದ್ದ. ಕಲ್ಮೇಶನೂ ಬಂದಿದ್ದ, ತನ್ನ ವೈರಿಗೆ ಎಷ್ಟು ಜನ ಸೇರುತ್ತಾರೆ ಎಂದು ಎಣಿಸಲು. ಸಿಕಂದರ ಹಾರ ಎತ್ತಿದ. ಮಾಸ್ತರರು ಸೀಟಿ ಊದಿದರು. ಇಡೀ ಬಸ್ ಸ್ಟ್ಯಾಂಡು ನಿಂತುಬಿಟ್ಟಿತು. ಹೊರಡುತ್ತಿದ್ದ ಇಂಡಿ ಬಸ್ಸಿನ ಡ್ರೈವರ ಕೂಡ ಬ್ರೇಕು ಹಾಕಿದ.

ಮಾಸ್ತರರು ಕಲ್ಲುಬೆಂಚಿನ ಮೇಲೆ ಕೂತು ಬಲಗಾಲಿನ ಬೂಟು ಬಿಚ್ಚಿದರು. ಕಾಲುಚೀಲ ಬಿಚ್ಚಿದರು. ಪಟ್ಟಿ ಸುತ್ತಿದ ಹೆಬ್ಬೆರಳು, ಪಾದದ ಮೇಲೆ ಬಿಲ್ಲೆ ಅಂಟಿಸಿದ್ದ ಕೆಂಪು ವರ್ತುಲದ ಗುರುತು.

"ಎಲ್ಲಾರೂ ನೋಡ್ರಿ!" ಎಂದು ಮೈದಾನದ ದನಿಯಲ್ಲಿ ಕೂಗಿದರು. "ಈ ಕಾಲಿಗಿ ರಕ್ತಾ ಬರವಲ್ದು. ಮಷಿನ್ ಮೂವತ್ತನಾಲ್ಕು ಕೊಟ್ಟೈತಿ. ನಾ ಯಾವ ಇಲೆಕ್ಷನ್ನಿಗೂ ಇಳದಿಲ್ಲ. ನೂರು ಹೆಜ್ಜಿಗಿ ನೋವು ಬರ್ತಿತ್ತು, ಅದಕ್ಕ ನಿಮ್ಮ ಬಾಗಲದಾಗ ನಿಂತ್ನಿ. ನಿಮ್ಮ ಆರಾಮ ಕೇಳಾಕ ಅಲ್ಲ. ಇನ್ನ ಮ್ಯಾಲ ನೋವು ಬಂದ್ರ ರಸ್ತಾದಾಗs ನಿಂದ್ರತೇನಿ. ಯಾರಿಗಿ ನಗಬೇಕೈತಿ, ಈಗs ನಕ್ಕು ಮುಗಸ್ರಿ!"

ಯಾರೂ ನಗಲಿಲ್ಲ. ಕಲ್ಮೇಶ ಮಾತ್ರ ಖುಷಿಗೆ ಸಿಕಂದರನ ಕೈಯಿಂದ ಹಾರ ಕಸಿದು ಮಾಸ್ತರರಿಗೆ ತಾನೇ ಹಾಕಿಬಿಟ್ಟ. ಅವನನ್ನು ದೂಡಿ ಲಕ್ಕವ್ವ ಮುಂದೆ ಬಂದಳು.

"ಮಾಸ್ತರ್ರ, ಖರೇ ಹೇಳಿದ್ರಿ, ಚಲೋ ಆತು. ನಂದೂ ಒಂದು ಖರೇ ಕೇಳ್ರಿ. ನನ್ನ ಗಂಡ ಸತ್ತು ಹದಿನಾರು ವರ್ಷಾತು. ಮೊಣಕಾಲು ಹ್ಯಾಂಗೈತಿ ಅಂತ ಕೇಳಿದವರು ನೀವೊಬ್ಬರs. ಅದಕ್ಕ ನಿಮ್ಮ ಚಾಕ್ಕಂತ ನಾ ಹಾಲು ಜಾಸ್ತಿ ಹಾಕಿಸಿಕೊಂಡಿದ್ನಿ." ಅವಳು ಸೆರಗು ಬಿಗಿದು ಸಿಕ್ಕಿಸಿಕೊಂಡಳು. "ನಾಳಿಯಿಂದ ನನ್ನ ಕಟ್ಟಿ ಮ್ಯಾಲ ಕುಂದ್ರಬ್ಯಾಡ್ರಿ. ರಸ್ತಾ ಸರಕಾರದ್ದು, ಅಲ್ಲೇ ನಿಂದ್ರಿ."

ಮಾಸ್ತರರ ಬಾಯಿ ಮುಚ್ಚಿಸಿದವರಲ್ಲಿ ಅವಳು ಆ ದಿನ ಎರಡನೆಯವಳು.

ಮಾಸ್ತರರು ಬಿಜಾಪುರದಲ್ಲಿ ರಕ್ತನಾಳಕ್ಕೆ ಬಲೂನು ಹಾಕಿಸಿಕೊಂಡು ಬಂದರು. ಹೋಗಿಬರುವಾಗೆಲ್ಲ ಅಬಿದಾ ಜೊತೆಗಿದ್ದರು, ಕೋಟಿನ ಎಲ್ಲ ಜೇಬು ಹುಡುಕಿಯೇ ಬಸ್ಸು ಹತ್ತಿಸುತ್ತಿದ್ದರು. ಗಾಯ ಮೆಲ್ಲಗೆ ಒಣಗತೊಡಗಿತು. ಡಾಕ್ಟರು ನಡೆಯಿರಿ ಎಂದ ದಿನದಿಂದ ನಮ್ಮ ಓಣಿಯಲ್ಲಿ ಹೊಸ ಕಾನೂನು ಜಾರಿಯಾಯಿತು. ಮಾಸ್ತರರಿಗೆ ಮೀನಖಂಡ ಹಿಡಿದಲ್ಲಿ ಸೀಟಿ ಬೀಳುತ್ತಿತ್ತು. ರಸ್ತೆಯ ನಟ್ಟನಡುವೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಹಿಂದೆ ಬಂದ ಟಂಟಂ, ಸೈಕಲ್ಲು, ಎತ್ತಿನ ಗಾಡಿ ಎಲ್ಲವೂ ನಿಲ್ಲಬೇಕು. ನೋವು ಇಳಿದ ಮೇಲೆ ಮತ್ತೊಂದು ಸೀಟಿ, ಮತ್ತೆ ನಡಿಗೆ. ಹಾರ್ನು ಹೊಡೆದ ಒಬ್ಬನಿಗೆ "ನಿಂದು ಎಷ್ಟು ನಂಬರ ಐತಿ? ಕಾಲು ಅಳತಿ ಮಾಡಿಸಿದಿ?" ಎಂದು ಗದರಿದ್ದಕ್ಕೆ ಅವನು ಟಂಟಂ ಬಿಟ್ಟು ಇಳಿದು ತನ್ನ ಕಾಲು ತಾನೇ ಮುಟ್ಟಿ ನೋಡಿಕೊಂಡ. ಎರಡನೆಯ ವಾರ ಹಿಂದಿನ ಓಣಿಯ ಕಾಸಿಂಸಾಬರು ಬಂದು, ನನಗೂ ವರ್ಷದಿಂದ ಹೀಗೇ ಹಿಡಿಯುತ್ತದೆ, ನಾಚಿಕೆಗೆ ಮನೆಯಲ್ಲೇ ಕೂತಿದ್ದೆ ಎಂದು ಮಾಸ್ತರರ ಹಿಂದೆ ಸಾಲಿನಲ್ಲಿ ಸೇರಿಕೊಂಡರು. ಕಲ್ಮೇಶನ ಅಪ್ಪನೂ ಬಂದ. ಚುನಾವಣೆಯಲ್ಲಿ ಕಲ್ಮೇಶ ಗೆದ್ದ. ಗೆದ್ದ ಮರುದಿನ ಬೀದಿದೀಪ ಆರಿತು.

ಲಕ್ಕವ್ವನ ಮನೆ ಮುಂದೆ ಮಾತ್ರ ದಿನವೂ ಯುದ್ಧ. ನೋವು ಸರಿಯಾಗಿ ಅವಳ ಕಟ್ಟೆಯ ಹತ್ತಿರವೇ ಬರುತ್ತಿತ್ತು. ಮಾಸ್ತರರು ಕಟ್ಟೆಗೆ ಬೆನ್ನು ಮಾಡಿ ಬಿಸಿಲಲ್ಲಿ ನಿಲ್ಲುತ್ತಿದ್ದರು. ಲಕ್ಕವ್ವ ರಸ್ತೆಗೆ ಬೆನ್ನು ಮಾಡಿ ಮೊರದಲ್ಲಿ ಜೋಳ ಕೇರುತ್ತಿದ್ದಳು. ಇಬ್ಬರಲ್ಲಿ ಯಾರೂ ಸೋಲಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಮೂರು ತಿಂಗಳಿಗೆ ಬಾಗೇವಾಡಿಗೆ ಹೋದೆವು. ಮಾಸ್ತರರು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮಲಗಿದ್ದರು. ಈ ಸಲ ಭಾಷಣ ಇರಲಿಲ್ಲ. ಬಲಗಾಲು, ನಲವತ್ತೊಂಬತ್ತು. ಹೆಬ್ಬೆರಳಿನ ಮೇಲೆ ಹೊಸ ಚರ್ಮ ಬಂದಿತ್ತು. ಜಯಮಾಲಾ ಪಾಸ್ ಎಂದಳು. ಮಾಸ್ತರರು ಒಪ್ಪಲಿಲ್ಲ. "ಐವತ್ತಕ್ಕ ಒಂದು ಕಡಿಮಿ ಐತಿ. ಗ್ರೇಸ್ ಬ್ಯಾಡ," ಎಂದರು.

ಮರುದಿನ ಮುಂಜಾನೆ ನಾನು ಗೇಟಿನಲ್ಲಿ ಹಲ್ಲು ಉಜ್ಜುತ್ತಿದ್ದೆ. ಮಾಸ್ತರರು ಸೀಟಿ ಊದದೆ ನನ್ನನ್ನು ದಾಟಿದರು. ಲಕ್ಕವ್ವನ ಕಟ್ಟೆಯ ಮುಂದೆ ನಿಂತರು. ಈ ಸಲ ಕಟ್ಟೆಗೆ ಮುಖ ಮಾಡಿ ನಿಂತರು. ನಾನು ಕೊಡಪಾನ ಹಿಡಿದುಕೊಂಡು ಓಡಿದೆ.

ಲಕ್ಕವ್ವ ಮೊರದಿಂದ ಕಣ್ಣೆತ್ತಲಿಲ್ಲ. "ಸೀಟಿ ಮರತ್ರೇನು?"

"ಕೊಳ್ಳಾಗ ಐತಿ."

"ಕಾಲು ಹಿಡೀತೇನು?"

"ಇಲ್ಲ. ಈಗ ಗಿರಣಿ ಮಟಾ ಹಿಡಿಯಂಗಿಲ್ಲ."

"ಮತ್ಯಾಕ ನಿಂತೀರಿ?"

ಮಾಸ್ತರರು ಒಮ್ಮೆ ನನ್ನ ಕಡೆ ನೋಡಿದರು, ಆಮೇಲೆ ಅವಳ ಕಡೆ. "ಲಕ್ಕವ್ವ, ಮೊಣಕಾಲು ಹ್ಯಾಂಗೈತಿ ನಿಂದು?"

ಮೊರ ನಿಂತಿತು. ಲಕ್ಕವ್ವ ಕಟ್ಟೆಯ ಮೇಲಿನ ಜೋಳದ ಕಾಳನ್ನು ಕೈಯಿಂದ ಒಂದು ಕಡೆ ಸರಿಸಿ ಒಬ್ಬರು ಕೂಡುವಷ್ಟು ಜಾಗ ಮಾಡಿದಳು. ಒಳಗೆ ಹೋಗಿ ಎರಡು ಕಪ್ಪು ತಂದಳು. ಚಾ ಆಗಲೇ ಆಗಿತ್ತು.

"ಆರಿದ್ರ ನನ್ನ ಅನಬ್ಯಾಡ್ರಿ," ಎಂದಳು. "ಮೂರು ತಿಂಗಳಿಂದ ದಿನಾ ಮಾಡಿ ಇಡಾಕತ್ತೇನಿ. ಆರಿದ್ದs ಕುಡದು ಕುಡದು ನನಗ ರೂಢಿ ಆಗೇತಿ."

ನನ್ನ ಕಣ್ಣು ಒದ್ದೆಯಾಯಿತು, ಹೇಳಲು ನಾಚಿಕೆಯಿಲ್ಲ. ನಾನೂ ಹೋಗಿ ಕಟ್ಟೆಯ ತುದಿಗೆ ಕೂತೆ. ಮೂರನೆಯ ಕಪ್ಪು ಬರಲಿಲ್ಲ. ಮಾಸ್ತರರು ಬಸಿಯಲ್ಲಿ ಸುರಿದುಕೊಂಡು ಒಂದು ಗುಟುಕು ಎಳೆದು ನನ್ನ ಕಡೆ ತಿರುಗಿದರು.

"ಏನ್ರಿ ಬಸಂತರಾಯರ, ನಿಮ್ಮ ಎಮ್ಮಿ ಆರಾಮ ಐತಿ?"

"ಆರಾಮ ಐತ್ರಿ," ಎಂದೆ.